ಐದರವರೆಗೆ

ಖಸಬಿನ ಆಸ್ಪತ್ರೆಯಲ್ಲಿ ಬುಧವಾರ ಕಣ್ಣಿನ ಸಾಲು.
ದೋಣಿಯಲ್ಲಿ ಬರುತ್ತಾರೆ ಕುಮ್ಜಾರಿನವರು,
ರಸ್ತೆಯಿಲ್ಲದ ಊರು, ಬೆನ್ನಿಗೆ ಬಂಡೆ, ಎದುರಿಗೆ ಉಪ್ಪು.
ಬಟ್ಟೆಗೆಲ್ಲ ಒಣ ಬೈಗೆಯ ವಾಸನೆ.
ಉಳಿದ ಸಿಸ್ಟರುಗಳು ಮಾಸ್ಕ್ ಏರಿಸುತ್ತಾರೆ,
ನಾನು ಇಳಿಸುತ್ತೇನೆ.
ಗಂಗೊಳ್ಳಿಯ ಮೊಗವೀರರ ಮಗಳು ನಾನು,
ನನಗದು ತವರಿನ ಗಾಳಿ.

ದರ್ವೀಶಜ್ಜನಿಗೆ ಎಂಬತ್ತೆರಡು.
ರೆಪ್ಪೆ ಬಿಡಿಸಿ ಔಷಧಿ ಬಿಡುವಾಗ ಕಂಡೆ,
ಪೊರೆಯ ಹಿಂದೊಂದು ಬೂದುನೀಲಿ,
ಮಳೆಗೆ ಮುಂಚಿನ ಕಡಲಿನದು.
ಈ ಕಡೆಯ ಕಡಲಿಗೂ ಆ ಬಣ್ಣ ಗೊತ್ತಿಲ್ಲ.
"ಇದು ತಂತಿಯವನ ಕಣ್ಣು" ಅಂದ,
ಪಕ್ಕದ ಮನೆಯಿಂದ ಕಡ ತಂದ ಪಾತ್ರೆಯ ಹಾಗೆ.
"ಅಜ್ಜನ ಅಪ್ಪ. ದ್ವೀಪದಿಂದ ಈಜಿ ಬಂದನಂತೆ.
ಅಲ್ಲ, ದೋಣಿ ಕದ್ದನಂತೆ.
ಹೆಸರು ನಮ್ಮ ನಾಲಿಗೆಗೆ ಬರಲಿಲ್ಲ, ಬಿಟ್ಟೆವು."

ಕಣ್ಣು ಮುಚ್ಚಿ ಐದು ಎಣಿಸಿ ಅಂದೆ.
ಎಣಿಸಿದ:
ಹೇನ್, ದೋ, ತ್ರೀ, ಕಾಹಿರ್, ಕೂಗ್.

ಅರಬ್ಬಿಯಲ್ಲ. ಅವರ ಕುಮ್ಜಾರಿಯೂ ಅಲ್ಲ.
"ಮೀನಿನ ಎಣಿಕೆ. ನಮ್ಮ ಮನೆಯದು ಮಾತ್ರ,
ನೆರೆಯವರು ನಗುತ್ತಾರೆ."
ಐದಾದ ಮೇಲೆ?
"ಐದಾದ ಮೇಲೆ ಎಲ್ಲರ ಹಾಗೇ."

ರಾತ್ರಿಯಿಡೀ ಆ ಕೂಗ್ ಕಿವಿಯಲ್ಲಿ.
ಅವರಿಗದು ಐದು.
ನನಗದು ದಡದಲ್ಲಿ ನಿಂತು ಯಾರೋ ಕೂಗಿದ್ದು.

ಮಾರ್ಚಿನಲ್ಲಿ ಅಂಬಲಿಮೀನು ಸುಟ್ಟ ಕಾಲಿನ
ಒಬ್ಬ ಪ್ರವಾಸಿ ಬಂದಳು, ನೋರೀನ್,
ಕೆಂಪು ಕೂದಲು, ಬಾಯ್ತುಂಬ ಬೈಗುಳ.
ಪಟ್ಟಿ ಸುತ್ತುತ್ತ ಸುಮ್ಮನೆ ಎಣಿಸಿದೆ, ಹೇನ್, ದೋ, ತ್ರೀ...
ಮಣಿಕಟ್ಟು ಹಿಡಿದೇಬಿಟ್ಟಳು.
ಕಾರ್ಕ್ ಸೀಮೆಯ ಕಡಲಂಚಿನಲ್ಲಿ ಅವಳಜ್ಜಿ
ಮೊಟ್ಟೆ ಎಣಿಸುತ್ತಿದ್ದದ್ದು ಹೀಗೆಯೇ ಅಂತೆ.
ಕಾಲು ಉರಿಯುತ್ತಿತ್ತೋ ಏನೋ, ಅತ್ತಳು.

ಮೂರು ತಿಂಗಳಿಗೆ ಅವಳಿಂದ ಒಂದು ಪುಟ ಬಂತು,
ಯಾವುದೋ ದಫ್ತರದ ನೆರಳಚ್ಚು, ಓರೆ ಅಕ್ಷರ:
ಟಿ. ಹ್ಯಾರಿಂಗ್ಟನ್. ತಂತಿ ರಿಪೇರಿ. ಹುಟ್ಟೂರು ಕಾರ್ಕ್.
ವಯಸ್ಸು ಇಪ್ಪತ್ತೆರಡು.
ಅಪ್ಪಣೆಯಿಲ್ಲದೆ ಗೈರು. ವಸೂಲಾಗತಕ್ಕದ್ದು:
ಸಣ್ಣ ದೋಣಿ ಒಂದು, ಹುಟ್ಟು ಎರಡು, ಕಂಬಳಿ ಒಂದು.
ಹನ್ನೊಂದು ರೂಪಾಯಿ ನಾಲ್ಕಾಣೆ.
ಅಷ್ಟೆ. ಕೆಳಗೆ ಗೆರೆ ಎಳೆದಿದ್ದರು.

ಇಪ್ಪತ್ತೆರಡು ಅಂದರೆ, ಲೆಕ್ಕ ಹಾಕಿದೆ,
ಊರಿಗೆ ಊರೇ ಹಸಿದು ಸತ್ತ ವರ್ಷಗಳಲ್ಲಿ ಹಾಲುಹಲ್ಲಿನ ಹುಡುಗ.
ಕುಮ್ಜಾರಿನ ದಡದಲ್ಲಿ ಹರವಿದ ಮೀನಿನ ಮೇಲೆ
ಮೀನು ಕಂಡಾಗ ಅವನಿಗೆ ಏನನಿಸಿತೋ.
ಅವನೇ ಇವನೆಂದು ಹೇಳಲು ಪುರಾವೆ ಇಲ್ಲ.
ಕಣ್ಣಿದೆ, ಐದು ಅಂಕಿ ಇದೆ.

ಅಜ್ಜನಿಗೆ ಓದಿ ಹೇಳಿದೆ. ಹೆಸರು ಎರಡು ಸಲ ಬಾಯಲ್ಲಿ ಹೊರಳಿಸಿ
ಮತ್ತೆ ಬಿಟ್ಟ. ಸಾಲದ ಮಾತು ಮಾತ್ರ ಹಿಡಿದ.
"ಹನ್ನೊಂದು ರೂಪಾಯಿ!" ನಕ್ಕು ಕೆಮ್ಮಿದ.
ಮುಂದಿನ ಬುಧವಾರ ಒಂದು ಚೀಲ ಒಣ ಬೈಗೆ ತಂದ,
ಆ ಕೆಂಪುಕೂದಲವಳ ಊರಿನವರಿಗೆ ಕಳಿಸು, ಚುಕ್ತಾ ಆಗಲಿ ಅಂತ.
ಸಾಲ ಕೊಟ್ಟ ಯಜಮಾನರು ಬೇರೆ,
ಅವಳ ಊರಿಗೂ ಅವರೇ ಯಜಮಾನರಾಗಿದ್ದರು
ಎನ್ನಲು ಹೊರಟೆ. ನನ್ನ ಅರಬ್ಬಿ ಅಷ್ಟು ದೂರ ಹೋಗುವುದಿಲ್ಲ.
ಮೀನು ನಾನೇ ಹುರಿದು ತಿಂದೆ.

ತಿನ್ನುವಾಗ ಶೀನಜ್ಜನ ನೆನಪು.
ಹಂಚು ತುಂಬಿದ ಪತ್ತೇಮಾರಿ ಹತ್ತಿ ಬಸ್ರಾಕ್ಕೆ ಹೋದವನು.
"ಹೆಣೆ, ಹೋದವ ಬರ್ಲೇ ಇಲ್ಲೆ" ಅನ್ನುತ್ತಿದ್ದಳು ಅಜ್ಜಿ,
ಅನ್ನದ ಹಂಡೆ ಇಳಿಸುತ್ತ, ಯಾರ ಮೇಲೂ ಸಿಟ್ಟಿಲ್ಲದೆ.
ನಮ್ಮಲ್ಲಿ ಬುಟ್ಟಿಗೆ ಸುರಿಯುವಾಗ ಒಂದು ಎನ್ನುವುದಿಲ್ಲ,
ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು.
ಬಸ್ರಾದ ಯಾವುದೋ ಅಂಗಳದಲ್ಲಿ ಖರ್ಜೂರ ಅಳೆಯುವ ಕೈ
ಮೊದಲ ಅಳತೆಗೆ ಅರ್ಥವಿಲ್ಲದ ಒಂದು ಶಬ್ದ
ಹೇಳುತ್ತದೋ, ನೆರೆಯವರು ನಗುತ್ತಾರೋ.

ರಾತ್ರಿ ಪಾಳಿ. ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತಿದ್ದೆ.
ಮನಿಲಾದ ಗ್ಲೆಂಡಾ ತಲೆಯೆತ್ತಿ ಕೇಳಿದಳು:
"ಏನದು, ಮೊದಲನೆಯದಕ್ಕೆ ಅಂದೆಯಲ್ಲ?"

ಒಂದು, ಅಂದೆ.